ಒಂದೇ ದೊನ್ನೆಯ ದನಿ

ಹಳೆಯ ವಾಲ್ವ್ ರೇಡಿಯೋದ ಹಿಂಬದಿಯ ರಟ್ಟು ಬಿಚ್ಚಿ ನೋಡಿದವರಿಗೆ ಗೊತ್ತು, ಅಷ್ಟು ದೊಡ್ಡ ಮರದ ಪೆಟ್ಟಿಗೆಯಲ್ಲಿ ಹಾಡುವ ಅಂಗ ಒಂದೇ ಒಂದು. ಕಪ್ಪು ಕಾಗದದ ಒಂದು ದೊನ್ನೆ, ಅದರ ಬೆನ್ನಿಗೆ ಒಂದು ಅಯಸ್ಕಾಂತ. ಪ್ರದೇಶ ಸಮಾಚಾರ ಬರುವುದೂ ಅದರಿಂದಲೇ, ಭಾವಗೀತೆ ಬರುವುದೂ ಅದರಿಂದಲೇ. ಮೃದಂಗದ ಗುಮುಕಿ, ತಂಬೂರಿಯ ಝೇಂಕಾರ, ಮಕ್ಕಳ ಕಾರ್ಯಕ್ರಮದ ಕೇಕೆ ಎಲ್ಲವೂ ಆ ಒಂದು ಕಾಗದದ ನಡುಕ. ಈಗ ಅಂಗಡಿಗೆ ಹೋದರೆ ಎದೆಯೆತ್ತರದ ಸ್ಪೀಕರ್ ಪೆಟ್ಟಿಗೆಗಳು ಜೋಡಿಜೋಡಿಯಾಗಿ ನಿಂತಿರುತ್ತವೆ. ಒಂದೊಂದರಲ್ಲೂ ಎರಡು, ಮೂರು ದೊನ್ನೆಗಳು. ತಾಂಬಾಳದಷ್ಟು ಅಗಲದ್ದು ಮಂದ್ರಕ್ಕೆ, ಬಟ್ಟಲಿನಷ್ಟಿನದು ಕೊರಳಿಗೆ, ಕುಂಕುಮದ ಭರಣಿಯ ಮುಚ್ಚಳದಷ್ಟಿನದು ತಾರಕ್ಕೆ. ಅಂಗಡಿಯವನು ದೊನ್ನೆ ಎಣಿಸಿ ಬೆಲೆ ಹೇಳುತ್ತಾನೆ. ಹೆಚ್ಚು ದೊನ್ನೆ ಇದ್ದದ್ದೇ ಹೆಚ್ಚು ಒಳ್ಳೆಯದು ಎಂದು ನಾವೂ ತಲೆದೂಗುತ್ತೇವೆ.

ಆದರೆ ಒಂದೇ ದೊನ್ನೆ ಸಾಕು, ಅದೇ ಚೆಂದ ಎನ್ನುವವರ ಪಂಥವೊಂದು ಸುಮಾರು 90 ವರ್ಷಗಳಿಂದ ಈ ಲೋಕದಲ್ಲಿದೆ. ಅವರು ದುಡ್ಡಿಲ್ಲದೆ ಹಾಗೆನ್ನುವವರಲ್ಲ. ಮೂರು ದೊನ್ನೆಯ ಪೆಟ್ಟಿಗೆಗಿಂತ ಹೆಚ್ಚು ಹಣ ಕೊಟ್ಟು ಒಂದು ದೊನ್ನೆಯದನ್ನು ತಂದಿಟ್ಟುಕೊಳ್ಳುವವರೂ ಅವರಲ್ಲಿ ಇದ್ದಾರೆ. ಇದೇನು ಹುಚ್ಚು ಎಂದು ಮೊದಮೊದಲು ನನಗೂ ಅನ್ನಿಸುತ್ತಿತ್ತು. ಅದರ ಚರಿತ್ರೆಯನ್ನು ಓದುತ್ತಾ ಹೋದಂತೆ ಇದು ನಮಗೆ ತೀರ ಪರಿಚಿತವಾದ ಜಗಳವೇ ಎಂದು ಗೊತ್ತಾಯಿತು. ಒಬ್ಬಳೇ ನಿಂತು ಮಾಡಿದ ಅಡುಗೆಗೂ ಹತ್ತು ಕೈ ಸೇರಿ ಮಾಡಿದ ಅಡುಗೆಗೂ ಇರುವ ವ್ಯತ್ಯಾಸವನ್ನು ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಕೈಯ ಅಡುಗೆಗೆ ಒಂದು ಹದ ಇರುತ್ತದೆ, ಸಾರಿಗೂ ಪಲ್ಯಕ್ಕೂ ನಂಟಿರುತ್ತದೆ. ಆದರೆ ಮದುವೆಯ ದಿನ ಆ ಒಂದು ಕೈ ಸೋಲುತ್ತದೆ. ಹತ್ತು ಕೈ ಸೇರಿದರೆ ಎಷ್ಟು ಜನಕ್ಕಾದರೂ ಬಡಿಸಬಹುದು; ಉಪ್ಪು ಮಾತ್ರ ಒಮ್ಮೊಮ್ಮೆ ಎರಡು ಸಲ ಬಿದ್ದಿರುತ್ತದೆ. ಧ್ವನಿವರ್ಧಕದ ಕಥೆಯೂ ಇಷ್ಟೇ.

ಕಥೆ ಶುರುವಾಗುವುದು ವಿದ್ಯುತ್ತೇ ಇಲ್ಲದ ಕೊಳವೆಯಿಂದ. 1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ತಟ್ಟೆಗೆ ಇಳಿಸಿಕೊಂಡ. ಆಗ ಮೈಕು ಇಲ್ಲ. ಅಗಲ ಬಾಯಿಯ ಕೊಳವೆಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಕೊಳವೆಯ ಕಿರಿದಾದ ತುದಿಯಲ್ಲಿರುವ ತೆಳು ಬಿಲ್ಲೆ ಅದುರಬೇಕು. ಆ ಅದುರು ಮುಳ್ಳಿಗೆ ತಾಗಿ ಮೇಣದ ಮೇಲೆ ಗೆರೆ ಮೂಡಬೇಕು. ಮೂರು ನಿಮಿಷ ಮುಗಿಯುವ ಹೊತ್ತಿಗೆ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಕೇಳುವಾಗಲೂ ಅದೇ ಕ್ರಮ ತಿರುಗುಮುರುಗು: ಒಂದು ಮುಳ್ಳು, ಒಂದು ಬಿಲ್ಲೆ, ಒಂದು ಕೊಳವೆ. ಮಂದ್ರವೂ ಅತಿ ತಾರವೂ ಆ ಬಿಲ್ಲೆಗೆ ಎಟುಕುತ್ತಿರಲಿಲ್ಲ. ಉಳಿಯುತ್ತಿದ್ದದ್ದು ನಡುವಿನ ಕೊರಳು ಮಾತ್ರ. ಆದರೂ ಆ ಕೊರಳು ಗುರುತು ಹಿಡಿಯುವಷ್ಟು ಉಳಿಯಿತು. ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾಗಿ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ದನಿಯನ್ನು ಇವತ್ತೂ ಕೇಳಬಹುದು. ಎಷ್ಟು ಕಳೆದರೂ ಹಾಡು ಬದುಕಿರುತ್ತದೆ ಎಂಬ ಮೊದಲ ಪಾಠ ಅದು.

ವಿದ್ಯುತ್ತಿನಿಂದ ಮಾತಾಡುವ ಸ್ಪೀಕರಿಗೆ ಹಲವರು ತಾಯ್ತಂದೆಯರು. 1915ರಲ್ಲಿ ಕ್ಯಾಲಿಫೋರ್ನಿಯಾದ ನಾಪಾ ಎಂಬ ಊರಿನಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡಮ್ ಎಂಬಿಬ್ಬರು ತಂತಿಸುರುಳಿಯಿಂದ ಅದುರುವ ಒಂದು ಯಂತ್ರವನ್ನು ಮಾಡಿ ಅದಕ್ಕೆ 'ಮ್ಯಾಗ್ನವಾಕ್ಸ್' ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಮಹಾಧ್ವನಿ ಎಂದರ್ಥ. 1919ರಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದ ದೊಡ್ಡ ಬಯಲಿನಲ್ಲಿ ಮಾತಾಡಿದ್ದು ಇದರ ಮೂಲಕವೇ. ಆದರೆ ಅದು ಸಭೆಗೆ ಸರಿ, ಮನೆಗೆ ಅಲ್ಲ. ಮನೆಗೆ ಒಗ್ಗುವ ಸ್ಪೀಕರನ್ನು ಕೊಟ್ಟವರು ನ್ಯೂಯಾರ್ಕ್ ರಾಜ್ಯದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್. 1925ರಲ್ಲಿ ಅವರು ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಮರುವರ್ಷವೇ ಅದು 'ರೇಡಿಯೋಲಾ 104' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಅವರು ಮಾಡಿದ್ದು ಎಷ್ಟು ಸರಳವೆಂದರೆ ಇವತ್ತಿಗೂ ಅದು ಬದಲಾಗಿಲ್ಲ. ಕಾಗದದ ದೊನ್ನೆಯ ಬುಡಕ್ಕೆ ಕೂದಲಿನಷ್ಟು ತೆಳ್ಳಗಿನ ತಂತಿಯ ಸುರುಳಿ ಅಂಟಿಸುವುದು. ಅದನ್ನು ಅಯಸ್ಕಾಂತದ ಸಂದಿನಲ್ಲಿ ತೂಗಿಬಿಡುವುದು. ಹಾಡಿನ ವಿದ್ಯುತ್ತು ಸುರುಳಿಯಲ್ಲಿ ಹರಿದಂತೆಲ್ಲ ದೊನ್ನೆ ಮುಂದಕ್ಕೂ ಹಿಂದಕ್ಕೂ ಆಡುತ್ತದೆ, ಗಾಳಿಯನ್ನು ತಳ್ಳುತ್ತದೆ, ಎಳೆಯುತ್ತದೆ. ದೊನ್ನೆಯ ಬೆನ್ನಿನ ದನಿ ಸುತ್ತಿಬಂದು ಮುಂದಿನ ದನಿಯನ್ನು ನುಂಗದಿರಲಿ ಎಂದು ಸುತ್ತಲೂ ಹಲಗೆಯೋ ಪೆಟ್ಟಿಗೆಯೋ ಬೇಕು. ಇಷ್ಟೇ. ಮೊರದಲ್ಲಿ ಅಕ್ಕಿ ಕೇರುವುದನ್ನು ನೋಡಿದವರಿಗೆ ಇದರ ಮರ್ಮ ತಿಳಿಯುವುದು ಕಷ್ಟವಲ್ಲ.

ನಮ್ಮ ನಾಡಿಗೆ ಈ ದೊನ್ನೆ ಬಂದದ್ದು ರೇಡಿಯೋ ಒಳಗೆ ಕೂತು. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವೊಂದನ್ನು ತೆರೆದರು. 'ಆಕಾಶವಾಣಿ' ಎಂಬ ಹೆಸರು ನಮ್ಮ ಕಿವಿಗೆ ಬಿದ್ದದ್ದು ಆ ಕೇಂದ್ರದಿಂದ. 1950ರ ಜನವರಿಯಲ್ಲಿ ಧಾರವಾಡ ಕೇಂದ್ರ ಬಂತು, 1955ರಲ್ಲಿ ಮೈಸೂರಿನ ಕೇಂದ್ರ ಬೆಂಗಳೂರಿಗೆ ಹೋಯಿತು, 1957ರಲ್ಲಿ ವಿವಿಧ ಭಾರತಿ ಶುರುವಾಯಿತು. ಆ ಕಾಲದ ಸಾಮಾನ್ಯ ಸೆಟ್ಟುಗಳಲ್ಲಿ ಒಂದು ದೊನ್ನೆ ಸಾಕಾಗುತ್ತಿತ್ತು. ಅದಕ್ಕೆ ಕಾರಣವೂ ಇದೆ. ಮಧ್ಯಮ ತರಂಗದಲ್ಲಿ ಒಂದೊಂದು ಕೇಂದ್ರಕ್ಕೆ ಸಿಗುವ ಜಾಗ ಬಹಳ ಕಿರಿದು. ಮನುಷ್ಯನ ಎಳೆಯ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ ಕೇಳಬಲ್ಲುದಾದರೆ ಸಾಧಾರಣ ರೇಡಿಯೋ ಸೆಟ್ಟಿನಲ್ಲಿ 5,000ಕ್ಕಿಂತ ಮೇಲಿನದು ಬರುತ್ತಲೇ ಇರಲಿಲ್ಲ ಎನ್ನಬಹುದು. ಕಳಿಸುವುದೇ ಅಷ್ಟು ಎಂದಮೇಲೆ ಒಂದು ದೊನ್ನೆಗೆ ಆಯಾಸವೇನು? ಹಾಸಿಗೆ ಇದ್ದಷ್ಟು ಕಾಲು ಚಾಚಿ ಅದು ನೆಮ್ಮದಿಯಾಗಿತ್ತು.

ಹಾಸಿಗೆ ಉದ್ದವಾದಾಗಲೇ ತೊಂದರೆ ಶುರುವಾದದ್ದು. ಮುದ್ರಣ ಸುಧಾರಿಸಿತು, 1948ರಲ್ಲಿ ನಿಧಾನವಾಗಿ ತಿರುಗುವ ಲಾಂಗ್ ಪ್ಲೇ ತಟ್ಟೆ ಬಂತು, ತಟ್ಟೆಯಲ್ಲಿ ಮಂದ್ರವೂ ಇತ್ತು, ತಾರವೂ ಇತ್ತು. ಎರಡನ್ನೂ ಒಂದೇ ಕಾಗದ ಹೇಳಬೇಕು. ಇಲ್ಲಿ ಪ್ರಕೃತಿ ಅಡ್ಡ ನಿಂತಿತು. ಮಂದ್ರಕ್ಕೆ ಬಹಳ ಗಾಳಿ ತಳ್ಳಬೇಕು. ಅದೇ ಗಟ್ಟಿತನಕ್ಕೆ, ಒಂದು ಸ್ಥಾಯಿ ಕೆಳಗಿಳಿದರೆ ದೊನ್ನೆ ನಾಲ್ಕು ಪಟ್ಟು ಹೆಚ್ಚು ಆಡಬೇಕು. ಎರಡು ಸ್ಥಾಯಿ ಇಳಿದರೆ ಹದಿನಾರು ಪಟ್ಟು. ಹಾಗಾಗಿ ಮಂದ್ರಕ್ಕೆ ಅಗಲವಾದ, ಗಟ್ಟಿಯಾದ, ದೂರ ಆಡುವ ದೊನ್ನೆ ಬೇಕು. ತಾರಕ್ಕೆ ಇದರ ಪೂರ್ತಿ ವಿರುದ್ಧ. ಸೆಕೆಂಡಿಗೆ ಹತ್ತು ಸಾವಿರ ಸಲ ಅದುರಬೇಕಾದದ್ದು ಹಗುರಾಗಿರಬೇಕು, ಚಿಕ್ಕದಾಗಿರಬೇಕು. ಒಬ್ಬಳೇ ಹೆಂಗಸು ಒಂದು ಕೈಯಲ್ಲಿ ಒನಕೆ ಹಿಡಿದು ಕುಟ್ಟುತ್ತಾ ಇನ್ನೊಂದು ಕೈಯಲ್ಲಿ ಸೂಜಿಗೆ ದಾರ ಪೋಣಿಸಬೇಕು ಎಂದ ಹಾಗೆ. ಮಂದ್ರದ ಹೊಡೆತಕ್ಕೆ ದೊನ್ನೆ ಜೋರಾಗಿ ಹಿಂದೆ ಮುಂದೆ ಆಡುವಾಗ ಅದರ ಮೇಲೆಯೇ ಕೂತ ತಾರದ ಸ್ವರವೂ ಅಲ್ಲಾಡಿ ಕದಡುತ್ತದೆ.

ಇದಕ್ಕೆ ಎರಡು ದಾರಿಗಳಿದ್ದವು. ಕೆಲಸವನ್ನು ಹಂಚುವುದು ಒಂದು. ಒಂದೇ ದೊನ್ನೆಯನ್ನು ಇನ್ನಷ್ಟು ಜಾಣೆ ಮಾಡುವುದು ಇನ್ನೊಂದು. ಎರಡನೆಯದರ ಹಿಂದೆ ಬಿದ್ದವನು ಲಂಡನ್ನಿನ ಪಾಲ್ ವಾಯ್ಟ್. 1901ರಲ್ಲಿ ಹುಟ್ಟಿದ ಈತ ಗ್ರಾಮೊಫೋನ್ ಕಂಪೆನಿಯೊಂದರಲ್ಲಿ ಕೆಲಸ ಮಾಡಿ, ಆ ಕಂಪೆನಿ ಮುಚ್ಚಿದ ಮೇಲೆ ಸ್ವಂತ ಉದ್ಯೋಗ ಹಿಡಿದ. ಬಲವಾದ ಅಯಸ್ಕಾಂತ, ತೀರ ಹಗುರವಾದ ಕಾಗದ, ದೊಡ್ಡ ದೊನ್ನೆಯ ನಡುವೆ ಒಂದು ಚಿಕ್ಕ ದೊನ್ನೆ. ಎರಡಕ್ಕೂ ಒಂದೇ ಸುರುಳಿ. ತಾರ ಬಂದಾಗ ಚಿಕ್ಕದು ಹೆಚ್ಚು ಮಾತಾಡುತ್ತದೆ, ಮಂದ್ರ ಬಂದಾಗ ಎರಡೂ ಕೂಡಿ ಆಡುತ್ತವೆ. ಇಂಥ ಹಗುರ ದೊನ್ನೆ ಮಂದ್ರದಲ್ಲಿ ಸೊರಗುತ್ತದೆಂದು ಅವನಿಗೆ ತಿಳಿದಿತ್ತು. ಅದಕ್ಕೇ ಅದನ್ನು ಬಾಯಿ ಅಗಲವಾಗುತ್ತಾ ಹೋಗುವ ದೊಡ್ಡ ಕೊಳವೆಗೆ ಕೂಡಿಸಿ, 1934ರಲ್ಲಿ ಮನೆಯ ಮೂಲೆಯಲ್ಲಿ ನಿಲ್ಲಿಸುವ ಪೆಟ್ಟಿಗೆಯನ್ನು ಮಾಡಿದ. ಮೂಲೆಯ ಎರಡು ಗೋಡೆ ಮತ್ತು ನೆಲ ಸೇರಿ ಕೊಳವೆಯ ಬಾಯಿಯನ್ನು ಇನ್ನೂ ಅಗಲ ಮಾಡಿದಂತಾಗಿ, ಮಂದ್ರಕ್ಕೆ ಬೆಂಬಲ ಸಿಗುತ್ತಿತ್ತು. ವಾಯ್ಟ್ 1950ರಲ್ಲಿ ಕೆನಡಾಕ್ಕೆ ಹೊರಟುಹೋದ. ಅವನ ವಿದ್ಯೆಯನ್ನು ಲೋಥರ್ ಎಂಬ ಕಂಪೆನಿ ಮುಂದುವರಿಸಿತು. ಇಂದಿಗೂ ಒಂದು ದೊನ್ನೆಯ ಪಂಥದವರು ಆ ಹೆಸರನ್ನು ಭಕ್ತಿಯಿಂದಲೇ ಹೇಳುತ್ತಾರೆ.

ಆ ಭಕ್ತಿಗೆ ಕಾರಣವಿಲ್ಲದೆ ಇಲ್ಲ. ಇಂಥ ಸ್ಪೀಕರಿಗೆ ನಾಲ್ಕೆಂಟು ವಾಟ್ ಶಕ್ತಿ ಸಾಕು, ಹಳೆಯ ವಾಲ್ವ್ ಆಂಪ್ಲಿಫೈಯರಿನಲ್ಲೂ ಮನೆ ತುಂಬುತ್ತದೆ. ಹಾಡನ್ನು ಕತ್ತರಿಸಿ ಹಂಚುವ ಸುರುಳಿ, ಕೆಪಾಸಿಟರುಗಳು ನಡುವೆ ಇಲ್ಲ. ಹಾಡು ಒಂದೇ ಚುಕ್ಕೆಯಿಂದ ಬರುತ್ತದೆ, ಎದುರಿಗೆ ಒಬ್ಬರು ಕೂತು ಹಾಡಿದ ಹಾಗೆ. ಆದರೆ ಬೆಲೆ ತೆರಬೇಕು. ಪೆಟ್ಟಿಗೆ ಬೀರುವಿನಷ್ಟು ದೊಡ್ಡದು. ಇಲ್ಲವೇ ಮಂದ್ರ ಇಲ್ಲ. ಕೆಲವು ಸ್ವರಗಳು ಕಿವಿಗೆ ಇರಿಯುವಷ್ಟು ಚೂಪಾಗಿ ಬರುತ್ತವೆ. ಜೋರು ಮಾಡಿದರೆ ಕಿರುಚುತ್ತದೆ. ವಾದ್ಯವೃಂದ ಬಂದರೆ ಉಸಿರುಗಟ್ಟುತ್ತದೆ.

ಮೊದಲ ದಾರಿ, ಎಂದರೆ ಹಂಚುವ ದಾರಿ, ರಾಜಮಾರ್ಗವಾದದ್ದು ಸಿನಿಮಾ ಮಂದಿರಗಳಲ್ಲಿ. ಹಾಲಿವುಡ್ಡಿನ ಎಂ.ಜಿ.ಎಂ. ಸ್ಟುಡಿಯೋದ ಧ್ವನಿ ವಿಭಾಗದ ಮುಖ್ಯಸ್ಥ ಡಗ್ಲಾಸ್ ಶಿಯರರ್. ಹೆಸರು ಎಲ್ಲೋ ಕೇಳಿದಂತಿದೆಯಲ್ಲ ಎನ್ನಿಸಿದರೆ ಸರಿಯೇ. ನಟಿ ನಾರ್ಮಾ ಶಿಯರರ್ ಅವರ ಅಣ್ಣ. ಇವರ ತಂಡ 1936ರಲ್ಲಿ ಮಂದ್ರಕ್ಕೊಂದು, ತಾರಕ್ಕೊಂದು ಎಂದು ಬೇರೆಬೇರೆ ಕೊಳವೆಗಳ ಏರ್ಪಾಡು ಮಾಡಿತು. ಅದಕ್ಕೆ ಅಕಾಡೆಮಿಯ ಪ್ರಶಸ್ತಿಯೂ ಬಂತು. ಆದರೆ ಆ ದಾರಿಯಲ್ಲಿ ಅವರಿಗೆ ಎದುರಾದ ತೊಡಕು ಬಹಳ ಸ್ವಾರಸ್ಯದ್ದು. ಎಲಿನೋರ್ ಪೊವೆಲ್ ಎಂಬ ನಟಿ ಟ್ಯಾಪ್ ನೃತ್ಯಕ್ಕೆ ಹೆಸರಾದವಳು, ಬೂಟಿನ ತುದಿಯಿಂದ ನೆಲದ ಮೇಲೆ ತಾಳ ಬಾರಿಸುವವಳು. ಹಂಚಿದ ಸ್ಪೀಕರಿನಲ್ಲಿ ಅವಳ ಕುಣಿತ ಕೇಳುತ್ತಿದ್ದ ಎಂಜಿನಿಯರ್ ಜಾನ್ ಹಿಲಿಯರ್ಡ್ ಅವರಿಗೆ ಒಂದೊಂದು ಹೆಜ್ಜೆಯೂ ಎರಡೆರಡು ಸಲ ಕೇಳಿಸಿತು!

ಕಾರಣ ಹುಡುಕಿದರೆ ಬಲು ಸರಳ. ಮಂದ್ರದ ಕೊಳವೆ ಉದ್ದ, ತಾರದ ಕೊಳವೆ ಗಿಡ್ಡ. ಒಂದೇ ಹೆಜ್ಜೆಯ ದನಿ ಎರಡು ದಾರಿಯಲ್ಲಿ ಹೊರಟು, ಗಿಡ್ಡ ದಾರಿಯದು ಮೊದಲು ತಲುಪುತ್ತದೆ, ಉದ್ದ ದಾರಿಯದು ತಡವಾಗಿ. ದನಿಗೆ ಒಂದು ಅಡಿ ದಾಟಲು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಬೇಕು. ಹಲವು ಅಡಿಗಳ ವ್ಯತ್ಯಾಸವಾದರೆ ಕಿವಿ ಮೋಸ ಹೋಗುವುದಿಲ್ಲ. ಆಮೇಲೆ ಎರಡೂ ಕೊಳವೆಗಳ ದಾರಿಯನ್ನು ಸರಿದೂಗಿಸಿ ಹೆಜ್ಜೆಯನ್ನು ಮತ್ತೆ ಒಂದು ಮಾಡಿದರು. ತಾಳ ಬಲ್ಲ ಹೆಣ್ಣೊಬ್ಬಳ ಕಾಲು ಯಂತ್ರದ ತಪ್ಪನ್ನು ಬಯಲಿಗೆ ಎಳೆಯಿತು ಎಂದು ಓದಿದಾಗ ನನಗೆ ಹೇಳಲಾರದ ಖುಷಿಯಾಯಿತು.

ಮನೆಗಳಿಗೂ ಹಂಚುವ ಪದ್ಧತಿ ಬಂತು. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಜವಳಿ ವ್ಯಾಪಾರದಲ್ಲಿದ್ದ ಗಿಲ್ಬರ್ಟ್ ಬ್ರಿಗ್ಸ್ 1932ರಲ್ಲಿ ತನ್ನ ಮನೆಯ ನೆಲಮಾಳಿಗೆಯಲ್ಲಿ ಸ್ಪೀಕರ್ ಮಾಡಲು ಶುರುಮಾಡಿದವನು. ಊರ ಹೊಳೆಯ ಕಣಿವೆಯ ಹೆಸರನ್ನೇ ತನ್ನ ಕಂಪೆನಿಗೆ ಇಟ್ಟು 'ವಾರ್ಫ್‌ಡೇಲ್' ಎಂದು ಕರೆದ. 1945ರಲ್ಲಿ ಎರಡು ದೊನ್ನೆಯ ಪೆಟ್ಟಿಗೆಯನ್ನು ಹೊರತಂದ. ಅಲ್ಲಿಂದ ಮುಂದೆ ಎರಡು, ಮೂರು ಎಂದು ದೊನ್ನೆಗಳು ಬೆಳೆದವು. ಇದರಿಂದ ಸಿಕ್ಕ ಲಾಭ ದೊಡ್ಡದೇ. ಒನಕೆಯ ಕೆಲಸ ಒಬ್ಬಳದು, ಸೂಜಿಯ ಕೆಲಸ ಇನ್ನೊಬ್ಬಳದು ಆಯಿತು. ಆದರೆ ಸಾಮಾನ್ಯವಾಗಿ ಹಾಡನ್ನು ಕತ್ತರಿಸುವ ಜಾಗ 2,000ದಿಂದ 3,000 ಕಂಪನಗಳ ಆಸುಪಾಸು. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದೂ 2,000ದಿಂದ 5,000ದ ನಡುವೆ. ಸೀರೆಯ ಸೆರಗಿನ ನಟ್ಟನಡುವೆ ಹೊಲಿಗೆ ಬಂದ ಹಾಗೆ. ಚೆನ್ನಾಗಿ ಹೊಲಿದಿದ್ದರೆ ಕಾಣುವುದಿಲ್ಲ. ಅಗ್ಗದ ಪೆಟ್ಟಿಗೆಯಲ್ಲಿ ಕಾಣುತ್ತದೆ: ಹಾಡುವವಳ ಕೊರಳು ಒಂದು ಕಡೆ, ಅವಳ ಸಕಾರ ಶಕಾರಗಳು ಇನ್ನೊಂದು ಕಡೆ.

ಇವೆರಡರ ನಡುವೆ ಮೂರನೆಯ ಉಪಾಯ ಹೂಡಿದವನು ನಮ್ಮ ರಕ್ತಸಂಬಂಧಿ. ಬ್ರಿಟಿಷರ ಪೊಲೀಸರಿಂದ ತಪ್ಪಿಸಿಕೊಂಡು 1920ರಲ್ಲಿ ಅಮೆರಿಕ ಸೇರಿದ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ ನೋನಿ ಗೋಪಾಲ್ ಬೋಸ್ ಅವರ ಮಗ ಅಮರ್ ಬೋಸ್. ಹುಟ್ಟಿದ್ದು 1929ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ತಂದೆಯ ಆಮದು ವ್ಯಾಪಾರ ಕುಸಿದಾಗ ಹುಡುಗ ರೇಡಿಯೋ ರಿಪೇರಿ ಮಾಡಿ ಮನೆಗೆ ನೆರವಾದ. ಮುಂದೆ ಎಂ.ಐ.ಟಿ.ಯಲ್ಲಿ ಓದಿ, ಅಲ್ಲೇ ಪಾಠ ಹೇಳಿ, 1964ರಲ್ಲಿ ಕಂಪೆನಿ ಕಟ್ಟಿದ. 1968ರಲ್ಲಿ ಬಂದ ಅವನ '901' ಎಂಬ ಪೆಟ್ಟಿಗೆಯಲ್ಲಿ ದೊನ್ನೆಗಳು ಒಂಬತ್ತು, ಆದರೆ ಎಲ್ಲವೂ ಒಂದೇ ಜಾತಿಯವು, ನಾಲ್ಕಂಗುಲದವು, ಹಾಡನ್ನು ಕತ್ತರಿಸದೆ ಇಡಿಯಾಗಿ ಹಾಡುವಂಥವು. ಒಂದು ನಮ್ಮ ಕಡೆ ಮುಖ ಮಾಡಿದರೆ ಎಂಟು ಗೋಡೆಯ ಕಡೆ. ಸಂಗೀತ ಸಭೆಯಲ್ಲಿ ನಮಗೆ ಕೇಳುವುದರಲ್ಲಿ ಹೆಚ್ಚಿನದು ಗೋಡೆಗೆ ಬಡಿದು ಬಂದದ್ದೇ ಎಂಬುದು ಅವನ ವಾದ. ಪುಟ್ಟ ದೊನ್ನೆಗಳು ಸೊರಗುವ ಕಡೆ ಹೆಚ್ಚು ಉಣಿಸಲು ಬೇರೆ ಒಂದು ಯಂತ್ರ ಬೇಕು, ಹೆಚ್ಚು ಶಕ್ತಿಯ ಆಂಪ್ಲಿಫೈಯರ್ ಬೇಕು. ಹಾಡುವವರು ಒಂದು ಚುಕ್ಕೆಯಲ್ಲಿ ನಿಲ್ಲದೆ ಗೋಡೆಯಗಲ ಹರಡುತ್ತಾರೆ ಎಂದು ದೂರಿದವರೂ ಇದ್ದರು. ಅಲ್ಲೂ ಏನೋ ಕೊಟ್ಟು ಏನೋ ಪಡೆದದ್ದೇ.

ಹಾಗಾದರೆ ನಮ್ಮ ಮನೆಗೆ ಯಾವುದು ಸರಿ? ನಾವು ಕೇಳುವುದೇನು ಎಂದು ಮೊದಲು ಕೇಳಿಕೊಳ್ಳಬೇಕು. ಮೈಸೂರಿನ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದ ದೊಡ್ಡ ರಸಿಕರು. 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಮರೆಯಾಗುತ್ತಿದ್ದ ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ಪಿಯಾನೋದಲ್ಲಿ ನುಡಿಸಿ ಮುದ್ರಿಸುವಂತೆ ಮಾಡಿದವರು ಅವರೇ. ಅವರ ಅರಮನೆಯ ತಟ್ಟೆಗಳ ಸಂಗ್ರಹವೂ ಬಗೆಬಗೆಯ ಸ್ಪೀಕರುಗಳೂ ಹೊರಗಿನಿಂದ ಬಂದವರನ್ನು ಬೆರಗುಗೊಳಿಸುತ್ತಿದ್ದವು. ಪಿಯಾನೋದ ಅತಿ ಕೆಳಗಿನ ಸ್ವರ ಸೆಕೆಂಡಿಗೆ 27.5 ಕಂಪನ. ಅದನ್ನು ಕೇಳಬೇಕೆನ್ನುವವರಿಗೆ ದೊಡ್ಡ ದೊನ್ನೆ ಬೇಕೇ ಬೇಕು.

ಆದರೆ ಐದು ಕಟ್ಟೆ ಶ್ರುತಿಯಲ್ಲಿ ಹಾಡುವ ನಮ್ಮ ಗಾಯಕಿಯ ಮಧ್ಯ ಷಡ್ಜ ಸುಮಾರು 196 ಕಂಪನ, ಮಂದ್ರ ಪಂಚಮ 147. ಅವಳ ತಂಬೂರಿಯ ಅತಿ ಕೆಳಗಿನ ತಂತಿ 98. ಮೃದಂಗದ ಎಡಭಾಗದ ಗುಮುಕಿಯನ್ನು ಬಿಟ್ಟರೆ ಕಛೇರಿಯ ಮುಕ್ಕಾಲು ಪಾಲು ಒಂದು ದೊನ್ನೆಯ ಅಂಗೈಯಲ್ಲಿ ಹಿಡಿಸುತ್ತದೆ. ಇನ್ನೊಂದು ವಿಚಿತ್ರವೂ ಇದೆ. ಹಳೆಯ ಟೆಲಿಫೋನು 300 ಕಂಪನಕ್ಕಿಂತ ಕೆಳಗಿನದನ್ನು ದಾಟಿಸುತ್ತಿರಲಿಲ್ಲ. ಗಂಡಸಿನ ಮಾತಿನ ಮೂಲಸ್ವರ ಅದಕ್ಕಿಂತ ಬಹಳ ಕೆಳಗೆ. ಆದರೂ ಆ ಕಡೆ ಮಾತಾಡುತ್ತಿರುವುದು ಅಪ್ಪನೇ ಎಂದು ಒಂದೇ ಶಬ್ದದಲ್ಲಿ ತಿಳಿಯುತ್ತಿತ್ತು. ಮೇಲಿನ ಸ್ವರಾಂಶಗಳನ್ನು ಕೇಳಿ ಕೆಳಗಿನ ಮೂಲವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಗಂಟಲ ಚಿಕಿತ್ಸೆಯ ನಂತರ ಗಂಗೂಬಾಯಿ ಹಾನಗಲ್ಲರ ದನಿ ಆಳಕ್ಕೆ ಇಳಿದ ಮೇಲೂ ಅದು ಸಣ್ಣ ರೇಡಿಯೋಗಳಲ್ಲಿ ತನ್ನ ಗಾಂಭೀರ್ಯವನ್ನು ಬಿಟ್ಟುಕೊಡಲಿಲ್ಲ. ಅದಕ್ಕೆ ನಮ್ಮ ಕಿವಿಯ ಈ ಔದಾರ್ಯವೂ ಒಂದು ಕಾರಣ.

ಇಷ್ಟು ಹೇಳಿ ಒಂದು ದೊನ್ನೆಯ ಪಕ್ಷವನ್ನು ವಹಿಸಿಬಿಡಬಹುದಿತ್ತು. ಹಾಗೆ ಮಾಡಲು ನನಗೆ ಅಡ್ಡಬರುವುದು ನಮ್ಮಮ್ಮನ ಹಾಡಿನ ಪುಸ್ತಕ. ಹಾವೇರಿಯ ನಮ್ಮ ತವರಿನಲ್ಲಿ ರೇಡಿಯೋ ಇದ್ದದ್ದು ನಡುಮನೆಯ ಗೂಡಿನಲ್ಲಿ, ಅಪ್ಪನ ಕುರ್ಚಿಗೆ ಎದುರಾಗಿ. ಅಮ್ಮ ಕೇಳುತ್ತಿದ್ದದ್ದು ಅಡುಗೆಮನೆಯ ಬಾಗಿಲಿನಿಂದ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡು. ಧಾರವಾಡ ಕೇಂದ್ರದಿಂದ ಬಂದ ಹಾಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಮಧ್ಯಾಹ್ನ ಕೆಲಸ ಮುಗಿದ ಮೇಲೆ ಬರೆದಿಡುತ್ತಿದ್ದಳು. ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ರಾಗ, ತಾಳ ಎಲ್ಲ ಬರೆದಿದ್ದಾಳೆ. ನಡುನಡುವೆ ಮಾತ್ರ ಅಡ್ಡಗೆರೆಗಳು, ಖಾಲಿ ಜಾಗಗಳು. "ಹಾಡು ಬರ್ತಿತ್ತು, ಮಾತು ಬರ್ತಿರಲಿಲ್ಲ" ಎನ್ನುತ್ತಿದ್ದಳು. ಎಷ್ಟೋ ಕಡೆ ತನ್ನದೇ ಶಬ್ದ ಕೂಡಿಸಿ ಸಾಲು ಮುಗಿಸಿದ್ದಾಳೆ. ಅಪ್ಪ ಅದನ್ನು ನೋಡಿ ನಗುತ್ತಿದ್ದರು, ಅವಳ ಕಿವಿ ಮಂದವೆನ್ನುತ್ತಿದ್ದರು.

ಕಿವಿ ಮಂದವಾಗಿರಲಿಲ್ಲ. ಮಂದ್ರದ ಅಲೆ ಬಹಳ ಉದ್ದ. ಸೆಕೆಂಡಿಗೆ 100 ಕಂಪನದ್ದು ಮೂರೂವರೆ ಮೀಟರಿನ ಹತ್ತಿರ. ಅದು ಬಾಗಿಲು, ಗೋಡೆ, ಕಂಬ ಎಲ್ಲವನ್ನೂ ಬಳಸಿಕೊಂಡು ಅಡುಗೆಮನೆಗೂ ಬರುತ್ತದೆ. 10,000 ಕಂಪನದ ಅಲೆ ಮೂರೂವರೆ ಸೆಂಟಿಮೀಟರ್. ಅದು ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತದೆ. ಅಲೆಯ ಉದ್ದಕ್ಕಿಂತ ದೊನ್ನೆ ಅಗಲವಾದರೆ ದನಿ ಇನ್ನೂ ಕಿರಿದಾಗಿ ಎದುರಿಗೇ ಚಿಮ್ಮುತ್ತದೆ. ಎಂಟಂಗುಲದ ದೊನ್ನೆಯಲ್ಲಿ ಇದು ಸುಮಾರು 1,700 ಕಂಪನದಿಂದಲೇ ಶುರು. ಮಾತಿನ ಪ್ರಾಣವಾದ ವ್ಯಂಜನಗಳು, ಅದರಲ್ಲೂ ಸ, ಶ, ಷ, ಚ, ತ ಇರುವುದು ಆ ಮೇಲಿನ ಪ್ರದೇಶದಲ್ಲಿ. ರೇಡಿಯೋ ಅದರಲ್ಲಿ ಅರ್ಧವನ್ನು ಮೊದಲೇ ಕತ್ತರಿಸಿ ಕಳಿಸುತ್ತಿತ್ತು. ಉಳಿದರ್ಧವನ್ನು ಅಗಲ ದೊನ್ನೆ ನೇರ ಕುರ್ಚಿಗೆ ಒಪ್ಪಿಸುತ್ತಿತ್ತು. ಬಾಗಿಲಿಗೆ ತಲುಪುತ್ತಿದ್ದದ್ದು ಸ್ವರಗಳು ಮಾತ್ರ. ಅಮ್ಮನ ಪುಸ್ತಕದ ಖಾಲಿ ಜಾಗಗಳನ್ನು ಈಗ ನೋಡಿದರೆ ಒಂದು ಎಂಜಿನಿಯರಿಂಗ್ ನಕ್ಷೆಯಂತೆ ಕಾಣುತ್ತವೆ. ಇಂಥಲ್ಲಿ ಕೂತವರಿಗೆ ಇಷ್ಟು, ಇಂಥಲ್ಲಿ ನಿಂತವರಿಗೆ ಇಷ್ಟು ಎಂದು ದೊನ್ನೆಯೇ ಪಾಲು ಮಾಡಿಟ್ಟಿತ್ತು.

ಒಂದು ದೊನ್ನೆಯ ಪಂಥದವರು ಹೊಗಳುವ 'ಒಂದು ಚುಕ್ಕೆಯ ದನಿ' ನಿಜ. ಆದರೆ ಅದು ಎದುರು ಕುರ್ಚಿಯಲ್ಲಿ ಅಲ್ಲಾಡದೆ ಕೂತವರ ನಿಜ. ಆ ಕುರ್ಚಿ ಮನೆಯಲ್ಲಿ ಯಾರದ್ದು ಎಂಬುದು ಸ್ಪೀಕರಿನ ಪುಸ್ತಕಗಳಲ್ಲಿ ಬರೆದಿರುವುದಿಲ್ಲ. ನಾಲ್ಕಂಗುಲದ ದೊನ್ನೆ ಇಟ್ಟರೆ ದನಿ ಹೆಚ್ಚು ಅಗಲ ಹರಡುತ್ತದೆ, ಬಾಗಿಲಿನವರಿಗೂ ಮಾತು ತಲುಪುತ್ತದೆ. ಮೃದಂಗ ಮಾತ್ರ ಡಬ್ಬಿ ಬಡಿದಂತಾಗುತ್ತದೆ. ಚಿಕ್ಕ ತಾರದ ದೊನ್ನೆ ಇರುವ ಎರಡು ದೊನ್ನೆಯ ಪೆಟ್ಟಿಗೆ ಇಬ್ಬರಿಗೂ ಒಂದಿಷ್ಟು ಕೊಡುತ್ತದೆ. ನಡುವಿನ ಹೊಲಿಗೆಯನ್ನು ಸಹಿಸಬೇಕು. ಯಾವುದರಲ್ಲೂ ಎಲ್ಲವೂ ಇಲ್ಲ. ಯಾವುದನ್ನು ಬಿಡುತ್ತೇವೆ, ಯಾರಿಗೆ ಅದು ತಪ್ಪುತ್ತದೆ ಎಂದು ತಿಳಿದು ಬಿಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಮೂಲೆಗೆ ಬಿದ್ದ ಒಂದು ದೊನ್ನೆ ಈಗ ಮತ್ತೆ ಮನೆ ಸೇರಿದೆ. ಮಕ್ಕಳು ಅಂಗೈಯಲ್ಲಿ ಹಿಡಿದು ತಿರುಗುವ ಬ್ಲೂಟೂತ್ ಡಬ್ಬಿಗಳಲ್ಲಿ ಎಷ್ಟೋ ಒಂದೇ ದೊನ್ನೆಯವು. ವಾಯ್ಟ್ ಬೀರುವಿನಷ್ಟು ಮರ ಬಳಸಿ ಪಡೆದ ಮಂದ್ರವನ್ನು ಇವು ಲೆಕ್ಕ ಹಾಕುವ ಚಿಪ್ಪಿನಿಂದಲೂ, ಪಕ್ಕದಲ್ಲಿ ಕೂತು ಗಾಳಿಗೆ ತಾನೂ ಅದುರುವ ಒಂದು ಪೊರೆಯಿಂದಲೂ ಒಂದಿಷ್ಟು ದಕ್ಕಿಸಿಕೊಳ್ಳುತ್ತವೆ. ಜೋರು ಮಾಡಿದರೆ ಚಿಪ್ಪು ಸದ್ದಿಲ್ಲದೆ ಮಂದ್ರವನ್ನು ಕಡಿಮೆ ಮಾಡಿ ದೊನ್ನೆಯನ್ನು ಕಾಪಾಡುತ್ತದೆ. ಲೆಕ್ಕ ಹಳೆಯದೇ, ಲೆಕ್ಕ ಬರೆಯುವವರು ಬದಲಾಗಿದ್ದಾರೆ.

ಆದ್ದರಿಂದ ಅಂಗಡಿಗೆ ಹೋಗುವ ನನ್ನ ಗೆಳತಿಯರಿಗೆ ನಾನು ಹೇಳುವುದಿಷ್ಟು. ಅಂಗಡಿಯವನು ಹಾಕುವ ಢಂ ಢಂ ಸಂಗೀತಕ್ಕೆ ಮರುಳಾಗಬೇಡಿ. ಅದು ದೊಡ್ಡ ದೊನ್ನೆಯನ್ನು ಮಾರಲೆಂದೇ ಇರುವ ಸಂಗೀತ. ನೀವು ಮೊದಲೆಂದೂ ಕೇಳದ, ಆದರೆ ನಿಮ್ಮ ಭಾಷೆಯದೇ ಆದ ಒಂದು ಹಾಡನ್ನು ಹಾಕಿಸಿ. ಎದುರಿಗೆ ಕೂರಬೇಡಿ. ಪಕ್ಕಕ್ಕೆ ಸರಿದು, ಆಚೆಯ ಬಾಗಿಲಿನ ಹತ್ತಿರ ಹೋಗಿ ನಿಂತು, ಎಷ್ಟು ಮಾತು ತಿಳಿಯಿತು ಎಂದು ಎಣಿಸಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ತಾರವನ್ನೇ. ಹಾಗಾಗಿ ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಮೃದಂಗ ಬೇಕೋ ಮಾತು ಬೇಕೋ, ಕೂರುವವರಿಗೋ ನಿಲ್ಲುವವರಿಗೋ ಎಂದು ಅಲ್ಲೇ ನಿಂತು ತೀರ್ಮಾನಿಸಿ.

ನಾನು ಕೊಂಡದ್ದು ನಾಲ್ಕಂಗುಲದ ಒಂದೇ ದೊನ್ನೆಯ ಪುಟ್ಟ ಪೆಟ್ಟಿಗೆ. ಅಡುಗೆಮನೆಯ ಕಪಾಟಿನ ಮೇಲೆ, ಒಲೆಯ ಕಡೆ ಮುಖ ಮಾಡಿ ಇಟ್ಟಿದ್ದೇನೆ. ಮಗ ಬಂದಾಗಲೆಲ್ಲ ಮೃದಂಗ ಕೇಳುವುದೇ ಇಲ್ಲ ಎಂದು ಗೊಣಗುತ್ತಾನೆ. ಹೌದು, ಅದು ಅಷ್ಟಾಗಿ ಕೇಳುವುದಿಲ್ಲ. ಸಾಹಿತ್ಯ ಮಾತ್ರ ಒಂದಕ್ಷರ ಬಿಡದೆ ಕೇಳುತ್ತದೆ.